ಪಾಠದ ನಡುವೆ ಮಾತು ನಿಂತಾಗ: ಇಮಾಮ್ ಗಝಾಲಿ(ರ) ಅವರ ಬದುಕು



ಪ್ರಾಯೋಗಿಕ ಪರೀಕ್ಷೆಯ ದಿನ. ಬೇರೆ ಕಾಲೇಜಿನಿಂದ ಬಂದ ಪರೀಕ್ಷಕರು ಒಂದು ಸರಳ ಪ್ರಶ್ನೆ ಕೇಳುತ್ತಾರೆ. ಉತ್ತರ ನಿಮಗೆ ಗೊತ್ತು. ಹಿಂದಿನ ರಾತ್ರಿ ಗೆಳೆಯನಿಗೆ ಅದನ್ನು ಹೇಳಿಕೊಟ್ಟವರೂ ನೀವೇ. ಆದರೆ ಬಾಯಿ ಒಣಗುತ್ತದೆ, ಗಂಟಲು ಕಟ್ಟುತ್ತದೆ, ಮಾತೇ ಹೊರಡುವುದಿಲ್ಲ. ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತಾಗ ಉತ್ತರ ತಾನಾಗಿ ನೆನಪಾಗುತ್ತದೆ.

ಪರೀಕ್ಷೆಯ ತಿಂಗಳುಗಳು ಬಂದರೆ ಊಟ ಸೇರದವರು, ನಿದ್ದೆ ಬಾರದವರು, ಕಾರಣವಿಲ್ಲದೆ ಹೊಟ್ಟೆ ಕೆಡುವವರು ಪ್ರತಿ ತರಗತಿಯಲ್ಲೂ ಇರುತ್ತಾರೆ. ಹೆಚ್ಚಿನವರು ಇದನ್ನು ಯಾರ ಬಳಿಯೂ ಹೇಳಿಕೊಳ್ಳುವುದಿಲ್ಲ. ಸರಿಯಾಗಿ ಓದಿಲ್ಲ ಎಂದುಕೊಂಡಾರು ಎಂಬ ಭಯ ಒಂದು ಕಡೆ, ಈಮಾನ್ ಗಟ್ಟಿಯಿಲ್ಲ ಎಂದುಕೊಂಡಾರು ಎಂಬ ಭಯ ಇನ್ನೊಂದು ಕಡೆ.

ಹಾಗಾದರೆ ಓದಿಲ್ಲವೆಂದಾಗಲಿ, ಈಮಾನ್ ಸಾಲದೆಂದಾಗಲಿ ಯಾರೂ ಹೇಳಲಾಗದ ಒಬ್ಬರ ಕಥೆ ಕೇಳಿ. ಮುಸ್ಲಿಮ್ ಜಗತ್ತು ಅವರನ್ನು ಹುಜ್ಜತುಲ್ ಇಸ್ಲಾಮ್, ಅಂದರೆ ಇಸ್ಲಾಮಿನ ಪುರಾವೆ ಎಂದು ಕರೆಯುತ್ತದೆ. ಇಂದಿಗೂ ಅವರ ಗ್ರಂಥಗಳಿಲ್ಲದ ಮದ್ರಸ ಗ್ರಂಥಾಲಯ ಸಿಗುವುದು ಕಷ್ಟ. ಅಂಥವರು ತಮ್ಮ ಕಾಲದ ಅತ್ಯಂತ ದೊಡ್ಡ ವಿದ್ಯಾಕೇಂದ್ರದಲ್ಲಿ, ಶಿಷ್ಯರ ಎದುರು, ಒಂದು ಮಾತೂ ಆಡಲಾಗದೆ ಕುಳಿತುಬಿಟ್ಟರು. ಅದನ್ನು ಮುಚ್ಚಿಡದೆ ಮುಂದೆ ತಮ್ಮ ಕೈಯಾರೆ ಬರೆದಿಟ್ಟರು ಕೂಡ.

ಊಟ ಸಿಗುವುದೆಂದು ಮದ್ರಸಕ್ಕೆ

ಅಬೂ ಹಾಮಿದ್ ಮುಹಮ್ಮದ್ ಅಲ್ ಗಝಾಲಿ ಹುಟ್ಟಿದ್ದು ಹಿಜರಿ 450ರಲ್ಲಿ, ಅಂದರೆ ಕ್ರಿ.ಶ. 1058ರ ಸುಮಾರಿಗೆ. ಊರು ಖುರಾಸಾನಿನ ತೂಸ್. ಇಂದಿನ ಇರಾನಿನ ಮಶ್ಹದ್ ನಗರದ ಹತ್ತಿರ. ತಂದೆ ಉಣ್ಣೆ ನೂತು ಮಾರುತ್ತಿದ್ದ ಬಡವರು ಎಂದು ಜೀವನಚರಿತ್ರೆಕಾರರು ಹೇಳುತ್ತಾರೆ. ತಾವು ಓದಲಿಲ್ಲವೆಂಬ ಕೊರಗು ಆ ತಂದೆಗಿತ್ತು. ಸಾಯುವ ಮುನ್ನ ತಮ್ಮಲ್ಲಿದ್ದ ಅಷ್ಟಿಷ್ಟು ಹಣವನ್ನೂ ಇಬ್ಬರು ಪುಟ್ಟ ಗಂಡುಮಕ್ಕಳನ್ನೂ ಒಬ್ಬ ಸೂಫಿ ಗೆಳೆಯರಿಗೆ ಒಪ್ಪಿಸಿ, ಇವರಿಗೆ ವಿದ್ಯೆ ಕೊಡಿಸಬೇಕೆಂದು ಕೇಳಿಕೊಂಡರು.

ಗೆಳೆಯರು ಮಾತು ಉಳಿಸಿಕೊಂಡರು. ಆದರೆ ಹಣ ಬೇಗನೆ ಮುಗಿಯಿತು, ಅವರೂ ಬಡವರೇ. ಮಕ್ಕಳನ್ನು ಕೂರಿಸಿಕೊಂಡು ಇದ್ದದ್ದನ್ನು ಇದ್ದಂತೆ ಹೇಳಿದರು. ಮದ್ರಸಕ್ಕೆ ಸೇರಿಕೊಳ್ಳಿ, ಅಲ್ಲಿ ಪಾಠದ ಜೊತೆ ಊಟವೂ ಸಿಗುತ್ತದೆ ಎಂದು ಸಲಹೆ ಕೊಟ್ಟರು. ಹೀಗೆ ಮುಹಮ್ಮದ್ ಮತ್ತು ಅಹ್ಮದ್ ಎಂಬ ಅಣ್ಣತಮ್ಮಂದಿರು ಹೊಟ್ಟೆಪಾಡಿಗಾಗಿ ವಿದ್ಯಾರ್ಥಿಗಳಾದರು. ತಾವು ಆಗ ವಿದ್ಯೆಯನ್ನು ಅಲ್ಲಾಹನಿಗಾಗಿ ಹುಡುಕಲಿಲ್ಲ, ಆದರೆ ವಿದ್ಯೆ ಅಲ್ಲಾಹನ ಕಡೆಗಲ್ಲದೆ ಬೇರೆಡೆಗೆ ಹೋಗಲು ಒಪ್ಪಲಿಲ್ಲ ಎಂಬ ಅರ್ಥದ ಮಾತನ್ನು ಗಝಾಲಿ ದೊಡ್ಡವರಾದ ಮೇಲೆ ಹೇಳಿದ್ದುಂಟು. ಸ್ಕಾಲರ್‌ಶಿಪ್ ಅರ್ಜಿ ತುಂಬಿಸಿ, ಹಾಸ್ಟೆಲ್ ಸೀಟು ಸಿಕ್ಕಿತೆಂದು ಕಾಲೇಜಿಗೆ ಸೇರಿದವರು ಈ ಭಾಗವನ್ನು ಎರಡು ಸಲ ಓದಬಹುದು.

ನೋಟ್ಸ್ ಕಳೆದುಕೊಂಡ ದಿನ

ತೂಸ್‌ನಲ್ಲಿ ಆರಂಭದ ಓದು ಮುಗಿಸಿ ಗಝಾಲಿ ಜುರ್ಜಾನಿಗೆ ಹೋದರು. ಅಲ್ಲಿ ಗುರುಗಳ ಪಾಠವನ್ನೆಲ್ಲ ಬರೆದುಕೊಂಡು ಊರಿಗೆ ಮರಳುವಾಗ ದಾರಿಯಲ್ಲಿ ದರೋಡೆಕೋರರು ಎರಗಿದರು. ಎಲ್ಲರ ಗಂಟುಮೂಟೆಯೂ ಹೋಯಿತು. ಉಳಿದವರು ಜೀವ ಉಳಿಯಿತೆಂದು ಸುಮ್ಮನಾದರೆ, ಈ ತರುಣ ಕಳ್ಳರ ಬೆನ್ನು ಹತ್ತಿದರು. ಹಿಂದಿರುಗದಿದ್ದರೆ ಕೊಂದುಬಿಡುವೆನೆಂದು ನಾಯಕ ಗದರಿಸಿದರೂ ಬಿಡಲಿಲ್ಲ. ಮಿಕ್ಕದ್ದೆಲ್ಲ ಇಟ್ಟುಕೊಳ್ಳಿ, ಆ ಚೀಲದಲ್ಲಿರುವ ಹಾಳೆಗಳನ್ನು ಮಾತ್ರ ಕೊಟ್ಟುಬಿಡಿ, ಅವು ನಿಮಗೆ ಉಪಯೋಗವಿಲ್ಲ, ನಾನು ಊರು ಬಿಟ್ಟು ಕಲಿತ ವಿದ್ಯೆಯೆಲ್ಲ ಅದರಲ್ಲಿದೆ ಎಂದು ಬೇಡಿಕೊಂಡರು.

ನಾಯಕನಿಗೆ ನಗು ಬಂತು. ಚೀಲ ಕಿತ್ತುಕೊಂಡ ಕೂಡಲೇ ಖಾಲಿಯಾಗುವ ವಿದ್ಯೆಯನ್ನು ಕಲಿತೆನೆಂದು ಹೇಗೆ ಹೇಳುತ್ತೀ ಎಂದು ಕೇಳಿ, ಹಾಳೆಗಳನ್ನು ಹಿಂದಿರುಗಿಸಿದ. ಆ ಕಳ್ಳನ ಬಾಯಿಂದ ಅಲ್ಲಾಹನೇ ತನಗೆ ದಾರಿ ತೋರಿಸಿದ ಎಂದು ಗಝಾಲಿ ಭಾವಿಸಿದರಂತೆ. ಊರಿಗೆ ಬಂದು ಮೂರು ವರ್ಷ ಕುಳಿತು ಬರೆದುಕೊಂಡದ್ದನ್ನೆಲ್ಲ ಮನದಟ್ಟು ಮಾಡಿಕೊಂಡರು. ಇನ್ನು ಯಾವ ದರೋಡೆಯೂ ತನ್ನನ್ನು ಬರಿಗೈ ಮಾಡದು ಎನ್ನುವವರೆಗೆ ಬಿಡಲಿಲ್ಲ.

ಇದು ಜೀವನಚರಿತ್ರೆಗಳಲ್ಲಿ ಬಂದಿರುವ ಪ್ರಸಿದ್ಧ ಕಥೆ. ಪರೀಕ್ಷೆಯ ಹಿಂದಿನ ದಿನ ಗೆಳತಿಯ ನೋಟ್ಸ್ ಜೆರಾಕ್ಸ್ ಮಾಡಿಸಿ ಬ್ಯಾಗಿನಲ್ಲಿಟ್ಟುಕೊಂಡಾಗ ಸಿಗುವ ಧೈರ್ಯ ಎಷ್ಟು ಹೊತ್ತು ಉಳಿಯುತ್ತದೆಂದು ನಮಗೆ ಗೊತ್ತಿದೆ. ನಮ್ಮ ಭಯದ ಒಂದು ಪಾಲು ಇಷ್ಟೇ: ಪಾಠ ಹಾಳೆಯಲ್ಲಿದೆ, ತಲೆಯಲ್ಲಿಲ್ಲ. ಆ ಪಾಲಿಗೆ ಮದ್ದು ಓದುವುದೇ. ಆದರೆ ಎಲ್ಲ ಭಯವೂ ಆ ಜಾತಿಯದ್ದಲ್ಲ. ಗಝಾಲಿಯವರ ಮುಂದಿನ ಬದುಕು ಅದನ್ನು ತೋರಿಸುತ್ತದೆ.

ಮೂವತ್ತಮೂರಕ್ಕೆ ಬಗ್ದಾದಿನ ಪೀಠ

ತೂಸ್‌ನಿಂದ ಅವರು ನಿಶಾಪುರಕ್ಕೆ ಹೋಗಿ, ಇಮಾಮುಲ್ ಹರಮೈನ್ ಎಂದು ಹೆಸರಾದ ಅಲ್ ಜುವೈನಿಯವರ ಶಿಷ್ಯರಾದರು. ಕರ್ಮಶಾಸ್ತ್ರ, ತರ್ಕ, ವಾದವಿದ್ಯೆ, ತತ್ವಶಾಸ್ತ್ರ ಎಲ್ಲದರಲ್ಲೂ ಅವರ ಹೆಸರು ಮೇಲೆದ್ದಿತು. 1085ರಲ್ಲಿ ಗುರುಗಳು ತೀರಿಕೊಂಡ ಮೇಲೆ ಸೆಲ್ಜೂಕ್ ಸಾಮ್ರಾಜ್ಯದ ಪ್ರಬಲ ವಝೀರ ನಿಝಾಮುಲ್ ಮುಲ್ಕ್ ಅವರ ಆಸ್ಥಾನ ಸೇರಿದರು. ಅಲ್ಲಿ ವಿದ್ವಾಂಸರ ನಡುವೆ ವಾದ ನಡೆಯುತ್ತಿತ್ತು. ಗೆದ್ದವನಿಗೆ ಮಾನ, ಸೋತವನಿಗೆ ಮೌನ. ಗಝಾಲಿ ಗೆಲ್ಲುತ್ತಲೇ ಹೋದರು.

1091ರಲ್ಲಿ, ಮೂವತ್ತಮೂರರ ಹರೆಯದಲ್ಲಿ, ವಝೀರರು ಅವರನ್ನು ಬಗ್ದಾದಿನ ನಿಝಾಮಿಯಾ ಮದ್ರಸದ ಮುಖ್ಯ ಉಪನ್ಯಾಸಕರಾಗಿ ನೇಮಿಸಿದರು. ಆ ಕಾಲದ ವಿದ್ವಾಂಸನೊಬ್ಬ ಇದಕ್ಕಿಂತ ದೊಡ್ಡ ಹುದ್ದೆಯನ್ನು ಕನಸಿನಲ್ಲೂ ಕಾಣಲಾರ. ಮುನ್ನೂರು ವಿದ್ಯಾರ್ಥಿಗಳು ಅವರ ಪಾಠಕ್ಕೆ ಕೂರುತ್ತಿದ್ದರು. ಖಲೀಫರ ಅರಮನೆಯಲ್ಲೂ ಅವರಿಗೆ ಮನ್ನಣೆಯಿತ್ತು. ಹಗಲು ಪಾಠ, ಬಿಡುವಿನಲ್ಲಿ ಗುರುವಿನ ನೆರವಿಲ್ಲದೆ ತತ್ವಶಾಸ್ತ್ರದ ಅಧ್ಯಯನ, ಅದರ ಮೇಲೆ ಗ್ರಂಥರಚನೆ. ತತ್ವಜ್ಞಾನಿಗಳ ವಾದಗಳನ್ನು ಪ್ರಶ್ನಿಸುವ 'ತಹಾಫುತುಲ್ ಫಲಾಸಿಫಾ' ಗ್ರಂಥವನ್ನು ಅವರು ಮುಗಿಸಿದ್ದು 1095ರ ಆರಂಭದಲ್ಲಿ.

ಹೊರಗಿನ ಲೋಕವೂ ನೆಮ್ಮದಿಯಾಗಿರಲಿಲ್ಲ. 1092ರಲ್ಲಿ ನಿಝಾಮುಲ್ ಮುಲ್ಕ್ ಕೊಲೆಯಾದರು. ಕೆಲವೇ ವಾರಗಳಲ್ಲಿ ಸುಲ್ತಾನ ಮಲಿಕ್ ಷಾ ಕೂಡ ತೀರಿಕೊಂಡರು. ಸಿಂಹಾಸನಕ್ಕಾಗಿ ಕಾದಾಟ ಶುರುವಾಯಿತು. 1094ರಲ್ಲಿ ಖಲೀಫರೂ ನಿಧನರಾದರು. ಆದರೂ ಪೀಠದಲ್ಲಿ ಕುಳಿತ ಗಝಾಲಿಯವರನ್ನು ಕಂಡವರಿಗೆ ಅವರು ಎಲ್ಲವನ್ನೂ ಗೆದ್ದ ಮನುಷ್ಯನಂತೆಯೇ ಕಾಣುತ್ತಿದ್ದರು.

ಮನಸ್ಸಿನ ಕಷ್ಟ ಅವರಿಗೆ ಹೊಸದಾಗಿರಲಿಲ್ಲ. ಹಿಂದೊಮ್ಮೆ ಸುಮಾರು ಎರಡು ತಿಂಗಳ ಕಾಲ ಯಾವುದನ್ನೂ ನಂಬಲಾಗದ ಸಂಶಯ ಅವರನ್ನು ಕಾಡಿತ್ತು. ಕಣ್ಣು ಕಂಡದ್ದು ನಿಜವೇ, ಬುದ್ಧಿ ಒಪ್ಪಿದ್ದು ನಿಜವೇ ಎಂದು ಎಲ್ಲವೂ ಅಲುಗಾಡುತ್ತಿತ್ತು. ಅದನ್ನು ಅವರು ರೋಗವೆಂದೇ ಕರೆದರು. ವಾದದಿಂದ ಅದು ವಾಸಿಯಾಗಲಿಲ್ಲ, ಅಲ್ಲಾಹನು ಎದೆಗೆ ಹಾಕಿದ ಬೆಳಕಿನಿಂದ ವಾಸಿಯಾಯಿತು ಎಂದು ಬರೆದಿದ್ದಾರೆ. ಈ ಸಲ ಬಂದದ್ದು ಅದಕ್ಕಿಂತ ಭಾರವಾಗಿತ್ತು.

ಆರು ತಿಂಗಳ ತೊಳಲಾಟ

ಹಿಜರಿ 488ರ ರಜಬ್ ತಿಂಗಳು, 1095ರ ಜುಲೈ. ಆಗ ಮೊದಲಾದ ತೊಳಲಾಟವನ್ನು ಅವರು ತಮ್ಮ ಆತ್ಮಕಥನ 'ಅಲ್ ಮುನ್ಖಿದ್ ಮಿನದ್ದಲಾಲ್'ನಲ್ಲಿ ಹಂತಹಂತವಾಗಿ ಬಿಡಿಸಿಟ್ಟಿದ್ದಾರೆ.

ತಾನು ಮಾಡುವ ಕೆಲಸಗಳಲ್ಲೆಲ್ಲ ಒಳ್ಳೆಯದು ಪಾಠ ಹೇಳುವುದು ಎಂದು ಅವರು ನಂಬಿದ್ದರು. ಒಂದು ದಿನ ಆ ಕೆಲಸವನ್ನೇ ಎತ್ತಿ ಪರೀಕ್ಷಿಸಿದರು. ಯಾರಿಗಾಗಿ ಕಲಿಸುತ್ತಿದ್ದೇನೆ? ಸಿಕ್ಕ ಉತ್ತರ ಅವರನ್ನು ನಡುಗಿಸಿತು. ಅಲ್ಲಾಹನಿಗಾಗಿ ಅಲ್ಲ, ಹೆಸರಿಗಾಗಿ, ಸ್ಥಾನಕ್ಕಾಗಿ, ಜನ ತಲೆದೂಗುವುದಕ್ಕಾಗಿ. ಕುಸಿಯುವ ದಂಡೆಯ ತುದಿಯಲ್ಲಿ ನಿಂತಂತೆ ಅವರಿಗೆ ಅನ್ನಿಸಿತು.

ಒಂದು ದಿನ ಎಲ್ಲವನ್ನೂ ಬಿಟ್ಟು ಬಗ್ದಾದಿನಿಂದ ಹೊರಡುವುದೆಂದು ಗಟ್ಟಿ ಮಾಡುವರು. ಮರುದಿನ ಆ ನಿರ್ಧಾರ ಕರಗಿಹೋಗುವುದು. ಒಂದು ಹೆಜ್ಜೆ ಮುಂದಿಟ್ಟರೆ ಇನ್ನೊಂದು ಹಿಂದಕ್ಕೆ. ಬೆಳಿಗ್ಗೆ ಮೂಡಿದ ಹಂಬಲವನ್ನು ಸಂಜೆಯೊಳಗೆ ಆಸೆಗಳ ದಂಡು ಬಂದು ಚದುರಿಸುವುದು. ಇಷ್ಟು ಸಲೀಸಾಗಿ ಸಿಕ್ಕ ಹುದ್ದೆ ಬಿಟ್ಟರೆ ಮತ್ತೆ ಸಿಕ್ಕೀತೇ ಎಂದು ಮನಸ್ಸೇ ಹೆದರಿಸುವುದು. ಹೀಗೆ ಸುಮಾರು ಆರು ತಿಂಗಳು. ಅಷ್ಟೂ ದಿನ ಅವರು ಪಾಠಕ್ಕೆ ಹೋಗುತ್ತಲೇ ಇದ್ದರು.

ಕೊನೆಗೆ ದೇಹ ಕೈಕೊಟ್ಟಿತು. ನಾಲಿಗೆಗೆ ಬೀಗ ಬಿದ್ದಿತು. ದೂರದಿಂದ ಬಂದ ವಿದ್ಯಾರ್ಥಿಗಳಿಗೆ ಬೇಸರವಾಗದಿರಲಿ, ಒಂದು ದಿನವಾದರೂ ಪಾಠ ಹೇಳೋಣ ಎಂದು ಪ್ರಯತ್ನಪಟ್ಟು ಕುಳಿತರೆ ಒಂದು ಶಬ್ದವೂ ಹೊರಡಲಿಲ್ಲ. ಆ ಸಂಕಟ ಎದೆಗೆ ಇಳಿಯಿತು. ಹಸಿವು ಸತ್ತಿತು. ಗಂಜಿಯಂಥ ತಿಳಿಸಾರೂ ಗಂಟಲಲ್ಲಿ ಇಳಿಯಲಿಲ್ಲ, ಒಂದು ತುತ್ತೂ ಅರಗಲಿಲ್ಲ. ಮೈ ಸೊರಗಿತು.

ವೈದ್ಯರು ಬಂದು ನೋಡಿದರು. ಕಾಯಿಲೆ ಹೊಟ್ಟೆಯಲ್ಲಾಗಲಿ ನಾಲಿಗೆಯಲ್ಲಾಗಲಿ ಹುಟ್ಟಿದ್ದಲ್ಲ, ಎದೆಯ ಚಿಂತೆಯಿಂದ ಹುಟ್ಟಿ ದೇಹಕ್ಕೆ ಹರಿದದ್ದು, ಆ ಚಿಂತೆ ಶಮನವಾಗದೆ ಔಷಧ ನಾಟದು ಎಂದು ಹೇಳಿ ಕೈಚೆಲ್ಲಿದರು.

ಇದಕ್ಕೆ ಇಂದಿನ ಯಾವ ಕಾಯಿಲೆಯ ಹೆಸರು ಹೊಂದುತ್ತದೆ ಎಂದು ಒಂಬೈನೂರು ವರ್ಷಗಳ ಆಚೆಯಿಂದ ಹೇಳಲು ಹೋಗಬಾರದು. ಆದರೆ ಒಂದನ್ನು ಗಮನಿಸಿ. ಗಝಾಲಿ ಇದನ್ನು ಅವಮಾನವೆಂದು ಬಚ್ಚಿಡಲಿಲ್ಲ. ನಮಾಝಿನಲ್ಲಿ ಕೊರತೆಯಾದದ್ದಕ್ಕೆ ಹೀಗಾಯಿತು ಎಂದೂ ಬರೆಯಲಿಲ್ಲ. ತಮಗೆ ಏನಾಯಿತು, ಎಷ್ಟು ದಿನವಾಯಿತು, ಏನು ತಿನ್ನಲಾಗಲಿಲ್ಲ, ವೈದ್ಯರು ಏನೆಂದರು ಎಂಬುದನ್ನೆಲ್ಲ ನೇರವಾಗಿ ಬರೆದರು. ಈ ಉಮ್ಮತ್ತಿನ ಅಷ್ಟು ದೊಡ್ಡ ವಿದ್ವಾಂಸರಿಗೆ ಬಂದದ್ದು ಹದಿನೇಳರ ಹುಡುಗ ಹುಡುಗಿಯರಿಗೆ ಬಂದರೆ ಅದು ಈಮಾನಿನ ಸೋಲು ಹೇಗಾದೀತು?

ಮಿನಾರದ ಮುಚ್ಚಿದ ಬಾಗಿಲು

ತನ್ನ ಕೈಯಲ್ಲಿ ಏನೂ ಉಳಿದಿಲ್ಲವೆಂದು ಅರಿತಾಗ ಅವರು ಅಲ್ಲಾಹನ ಮೊರೆಹೊಕ್ಕರು. ಸ್ಥಾನವನ್ನೂ ಸಂಪತ್ತನ್ನೂ ಬಿಡುವುದು ಆಗ ಹಗುರವಾಯಿತು ಎಂದು ಹೇಳಿಕೊಂಡಿದ್ದಾರೆ. 1095ರ ನವೆಂಬರ್‌ನಲ್ಲಿ ಬಗ್ದಾದ್ ಬಿಟ್ಟರು. ಖಲೀಫರಾಗಲಿ ಗೆಳೆಯರಾಗಲಿ ತಡೆದಾರೆಂದು ಮಕ್ಕಾಕ್ಕೆ ಹೊರಟಿದ್ದೇನೆ ಎಂದರು. ಮನಸ್ಸಿನಲ್ಲಿದ್ದದ್ದು ಸಿರಿಯಾ. ಜನ ತಮಗೆ ತೋಚಿದಂತೆ ಮಾತಾಡಿಕೊಂಡರು. ಆಳುವವರಿಗೆ ಹೆದರಿ ಓಡಿದರು ಎಂದವರೂ ಉಂಟು.

ಆದರೆ ಅದು ಗಾಬರಿಯ ಓಟವಾಗಿರಲಿಲ್ಲ. ಮಕ್ಕಳ ಹೊಟ್ಟೆಪಾಡಿಗೆ ಬೇಕಾದಷ್ಟನ್ನು ತೆಗೆದಿರಿಸಿ ಉಳಿದದ್ದನ್ನು ಹಂಚಿದರು. ಪೀಠ ಬರಿದಾಗದಂತೆ ತಮ್ಮ ಅಹ್ಮದ್ ಅವರ ಸ್ಥಾನದಲ್ಲಿ ಪಾಠ ಹೇಳಿದರು. ಹೊಣೆಗಳಿಗೆ ದಾರಿ ಮಾಡಿಯೇ ಅವರು ಭಾರ ಇಳಿಸಿದ್ದು.

ದಮಾಸ್ಕಸ್‌ನ ಉಮಯ್ಯದ್ ಮಸೀದಿಯಲ್ಲಿ ಅವರು ಮಿನಾರ ಹತ್ತಿ ಬಾಗಿಲು ಹಾಕಿಕೊಂಡು ದಿನವಿಡೀ ಒಬ್ಬರೇ ಇರುತ್ತಿದ್ದರು. ಮುನ್ನೂರು ಮಂದಿಯ ಎದುರು ಮಾತಾಡುತ್ತಿದ್ದವರಿಗೆ ಈಗ ಕೇಳುವವರು ಯಾರೂ ಇಲ್ಲ. ಅಲ್ಲಿಂದ ಜೆರೂಸಲೇಮ್, ಅಲ್ಲೂ ಬಂಡೆಯ ಗುಮ್ಮಟದಲ್ಲಿ ಏಕಾಂತ. ಹೆಬ್ರೋನ್‌ನಲ್ಲಿ ಪ್ರವಾದಿ ಇಬ್ರಾಹೀಮ್(ಅ) ಅವರ ಸಮಾಧಿಯ ಬಳಿ ಮೂರು ಪ್ರತಿಜ್ಞೆ ಮಾಡಿದರು. ಇನ್ನು ಯಾವ ಅರಸನ ಆಸ್ಥಾನಕ್ಕೂ ಹೋಗುವುದಿಲ್ಲ, ಅರಸರ ಹಣ ಮುಟ್ಟುವುದಿಲ್ಲ, ಗೆಲ್ಲಲೆಂದು ವಾದಕ್ಕೆ ಇಳಿಯುವುದಿಲ್ಲ. ತಮ್ಮನ್ನು ತಿಂದುಹಾಕುತ್ತಿದ್ದ ಮೂರು ಸಂಗತಿಗಳನ್ನು ಹೆಸರಿಟ್ಟು ಗುರುತಿಸಿದ್ದರು. ಎಲ್ಲವನ್ನೂ ಬಿಡಲಿಲ್ಲ. ಓದು ಬಿಡಲಿಲ್ಲ, ಬರವಣಿಗೆ ಬಿಡಲಿಲ್ಲ, ನಮಾಝ್ ಬಿಡಲಿಲ್ಲ. ಆ ಮೂರನ್ನು ಬಿಟ್ಟರು. ಬಳಿಕ ಹಜ್ಜ್ ನಿರ್ವಹಿಸಿದರು.

ಮುಂದೆ ಮಕ್ಕಳ ಕರೆ ಅವರನ್ನು ಊರಿಗೆ ಎಳೆಯಿತು. ಅಲ್ಲಿ ಸಂಸಾರದ ಚಿಂತೆ, ದುಡಿಮೆಯ ಚಿಂತೆ, ಕಾಲದ ಗೊಂದಲ ಎಲ್ಲವೂ ಏಕಾಂತವನ್ನು ಕದಡುತ್ತಿದ್ದವು. ಪೂರ್ಣ ನೆಮ್ಮದಿ ಆಗೊಮ್ಮೆ ಈಗೊಮ್ಮೆ ಮಾತ್ರ ಸಿಗುತ್ತಿತ್ತು ಎಂದು ಅವರೇ ಒಪ್ಪಿಕೊಂಡಿದ್ದಾರೆ. ಅಡ್ಡಿಗಳು ಹಿಂದಕ್ಕೆ ತಳ್ಳಿದರೂ ಆಸೆ ಬಿಡದೆ ಮತ್ತೆ ಅಲ್ಲಿಗೇ ಮರಳುತ್ತಿದ್ದರು. ಒಂದು ವಾರ ಚೆನ್ನಾಗಿದ್ದು ಮತ್ತೆ ಕುಸಿದಾಗ ಇನ್ನು ನಾನು ಸರಿಹೋಗುವುದಿಲ್ಲ ಎಂದುಕೊಳ್ಳುವವರಿಗೆ ಈ ಒಪ್ಪಿಗೆಯಷ್ಟು ಆಸರೆ ಕೊಡುವುದು ಬೇರೆ ಇಲ್ಲ.

ತಮ್ಮ ಗಾಯದಿಂದ ಬರೆದದ್ದು

ಈ ವರ್ಷಗಳಲ್ಲೇ ಅವರ ಮಹಾಗ್ರಂಥ 'ಇಹ್ಯಾ ಉಲೂಮಿದ್ದೀನ್' ರೂಪುಗೊಂಡಿತು. ಒಟ್ಟು ನಲವತ್ತು ಅಧ್ಯಾಯಗಳು, ಹತ್ತರಂತೆ ನಾಲ್ಕು ಭಾಗ: ಆರಾಧನೆ, ದಿನಬಳಕೆಯ ನಡವಳಿಕೆ, ಮನುಷ್ಯನನ್ನು ಕೆಡಿಸುವ ಗುಣಗಳು, ಕಾಪಾಡುವ ಗುಣಗಳು. ಕೆಡಿಸುವ ಗುಣಗಳ ಭಾಗದಲ್ಲಿ ಒಂದು ಇಡೀ ಅಧ್ಯಾಯ ಕೀರ್ತಿಯ ಹಂಬಲ ಮತ್ತು ತೋರಿಕೆಯ ಬಗ್ಗೆ ಇದೆ. ಹೊಗಳಿಕೆಯ ಆಸೆ, ತೆಗಳಿಕೆಯ ಭಯ ಮನಸ್ಸನ್ನು ಹೇಗೆ ಹಿಡಿಯುತ್ತವೆ, ಅವುಗಳಿಗೆ ಮದ್ದೇನು ಎಂದು ಅಲ್ಲಿ ವಿವರಿಸಿದ್ದಾರೆ. ಜನ ಏನೆಂದುಕೊಳ್ಳುತ್ತಾರೆ ಎಂಬ ನಮ್ಮ ದಿನನಿತ್ಯದ ಚಿಂತೆಯ ಬಗ್ಗೆ ಅವರು ಬರೆದದ್ದು ಕೇವಲ ಪುಸ್ತಕ ನೋಡಿ ಅಲ್ಲ.

ಅದೇ ಗ್ರಂಥದಲ್ಲಿ ಮಕ್ಕಳ ಬಗ್ಗೆ ಒಂದು ಮಾತಿದೆ. ಪಾಠ ಮುಗಿಸಿ ಬಂದ ಮಗುವಿಗೆ ಆಟವಾಡಲು ಬಿಡಬೇಕು. ಆಟ ತಪ್ಪಿಸಿ ಸದಾ ಓದಿಗೆ ಕೂಡಿಹಾಕಿದರೆ ಮನಸ್ಸು ಸಾಯುತ್ತದೆ, ಬುದ್ಧಿ ಮಂಕಾಗುತ್ತದೆ, ಕೊನೆಗೆ ಮಗು ಓದಿನಿಂದ ತಪ್ಪಿಸಿಕೊಳ್ಳಲು ಉಪಾಯ ಹುಡುಕುತ್ತದೆ ಎಂಬುದು ಅದರ ಸಾರ. ಬೆಳಗಿನ ಕೋಚಿಂಗ್, ಹಗಲಿನ ತರಗತಿ, ಸಂಜೆಯ ಟ್ಯೂಷನ್ ನಡುವೆ ಓಡುವವರ ಹೆತ್ತವರು ಇದನ್ನು ಓದಲಿ.

ಇನ್ನೊಂದು ಕಡೆ ಅವರು ತಮ್ಮ ಕಾಲದ ವಿದ್ಯಾರ್ಥಿಗಳ ಮೇಲೆ ಸಿಡುಕುತ್ತಾರೆ. ಊರುಗಳಲ್ಲಿ ವೈದ್ಯರ ಕೊರತೆಯಿದ್ದರೂ ಎಲ್ಲರೂ ಕರ್ಮಶಾಸ್ತ್ರದ ವಾದಗಳಿಗೇ ಮುಗಿಬೀಳುತ್ತಾರೆ, ಯಾಕೆಂದರೆ ಹುದ್ದೆ ಸಿಗುವುದು ಅಲ್ಲೇ ಎಂದು ಅವರ ದೂರು. ಇಂದು ಗಾಳಿ ತಿರುಗಿದೆ. ಎಲ್ಲರ ಕಣ್ಣೂ ಮೆಡಿಕಲ್ ಸೀಟಿನ ಮೇಲೆ. ಆದರೆ ಎಲ್ಲರೂ ಒಂದೇ ಬಾಗಿಲಲ್ಲಿ ನೂಕಾಡುವುದು ತಪ್ಪಿಲ್ಲ. ಆ ಬಾಗಿಲು ತೆರೆಯದಿದ್ದರೆ ಬದುಕೇ ಮುಗಿಯಿತು ಎಂಬ ಭ್ರಮೆಯೂ ತಪ್ಪಿಲ್ಲ.

ಗುರುಗಳಿಗೂ ಅವರು ಹೇಳಿದ್ದಿದೆ. ಶಿಷ್ಯರನ್ನು ಸ್ವಂತ ಮಕ್ಕಳಂತೆ ಕಾಣಬೇಕು. ತಪ್ಪನ್ನು ನಾಲ್ವರ ಎದುರು ಬಯಲು ಮಾಡದೆ ಸೂಚ್ಯವಾಗಿ ತಿದ್ದಬೇಕು. ಗ್ರಹಿಕೆಗೆ ಮೀರಿದ್ದನ್ನು ಹೇರಬಾರದು. ವಿದ್ಯಾರ್ಥಿಯೂ ಎಲ್ಲ ವಿದ್ಯೆಗೂ ಒಟ್ಟಿಗೆ ಕೈಹಾಕದೆ ಕ್ರಮವಾಗಿ, ಮುಖ್ಯವಾದದ್ದರಿಂದ ಆರಂಭಿಸಬೇಕು. 'ಬಿದಾಯತುಲ್ ಹಿದಾಯಾ' ಎಂಬ ಕಿರುಗ್ರಂಥದಲ್ಲಿ ದಿನದ ಹೊತ್ತುಗಳನ್ನು ಹಂಚಿಕೊಡುವಾಗ ಇಪ್ಪತ್ತನಾಲ್ಕು ಗಂಟೆಯಲ್ಲಿ ನಿದ್ದೆ ಎಂಟು ಗಂಟೆ ಮೀರದಿರಲಿ ಎಂದಿದ್ದಾರೆ. ಸೋಮಾರಿಗಳಿಗೆ ಅದು ಕಟ್ಟುಪಾಡು. ಆದರೆ ನಾಲ್ಕು ಗಂಟೆ ಮಲಗಿ ಹೆಮ್ಮೆಪಡುವ ನಮ್ಮವರಿಗೆ ಅದು ದೊಡ್ಡ ರಿಯಾಯಿತಿಯೇ ಸರಿ! ಮಧ್ಯಾಹ್ನದ ಕಿರುನಿದ್ದೆಯನ್ನೂ ಅವರು ಮೆಚ್ಚಿದ್ದಾರೆ.

ಹನ್ನೊಂದು ವರ್ಷಗಳ ನಂತರ

ಹಿಜರಿ 499ರಲ್ಲಿ, ಅಂದರೆ 1106ರಲ್ಲಿ, ನಿಝಾಮುಲ್ ಮುಲ್ಕ್ ಅವರ ಮಗ ಫಖ್ರುಲ್ ಮುಲ್ಕ್ ಒತ್ತಾಯಿಸಿದ್ದರಿಂದ ಗಝಾಲಿ ನಿಶಾಪುರದ ನಿಝಾಮಿಯಾದಲ್ಲಿ ಮತ್ತೆ ಪಾಠಕ್ಕೆ ಕುಳಿತರು. ಬಗ್ದಾದ್ ಬಿಟ್ಟು ಹನ್ನೊಂದು ವರ್ಷಗಳಾಗಿದ್ದವು. ಸುಲಭಕ್ಕೆ ಒಪ್ಪಲಿಲ್ಲ. ತಿಳಿದವರ ಸಲಹೆ ಕೇಳಿ, ಯೋಚಿಸಿ ಒಪ್ಪಿದರು. ನೋಡುವವರಿಗೆ ಹಳೆಯ ಕೆಲಸಕ್ಕೆ ಮರಳಿದಂತೆ ಕಂಡರೂ ತಾನು ಹಳೆಯ ಜಾಗಕ್ಕೆ ಮರಳಿಲ್ಲ ಎಂದು ಅವರು ವಿವರಿಸಿದ್ದಾರೆ. ಅಂದು ಸ್ಥಾನ ಗಳಿಸಿಕೊಡುವ ವಿದ್ಯೆ ಕಲಿಸುತ್ತಿದ್ದರು. ಇಂದು ಸ್ಥಾನದ ಮೋಹ ಬಿಡಿಸುವ ವಿದ್ಯೆ ಕಲಿಸುತ್ತಿದ್ದರು. ನಾಲಿಗೆಯ ಬೀಗ ಎಂದೋ ಕಳಚಿತ್ತು.

ಅವರ ಬಳಿ ಬಹುಕಾಲ ಓದಿದ್ದ ಶಿಷ್ಯನೊಬ್ಬ ಕಲಿತದ್ದರಲ್ಲಿ ಕೊನೆಗೆ ಕೈಹಿಡಿಯುವ ವಿದ್ಯೆ ಯಾವುದು ಎಂದು ಪತ್ರ ಬರೆದು ಕೇಳಿದ. ಗಝಾಲಿ ಕೊಟ್ಟ ಉತ್ತರವೇ 'ಅಯ್ಯುಹಲ್ ವಲದ್', ಮಗನಿಗೆ ಬರೆದಂತೆ ಬರೆದ ಕಿರುಹೊತ್ತಿಗೆ. ನಿದ್ದೆಗೆಟ್ಟು ಎಷ್ಟೋ ರಾತ್ರಿ ಓದಿದೆಯಲ್ಲ, ಅದು ಯಾತಕ್ಕಾಗಿ ಎಂದು ಅಲ್ಲಿ ಆತನನ್ನು ಕೇಳುತ್ತಾರೆ. ಓರಗೆಯವರ ಎದುರು ಮೆರೆಯಲು ಆಗಿದ್ದರೆ ಅದು ನಷ್ಟ, ನಡತೆ ತಿದ್ದಿಕೊಳ್ಳಲು ಆಗಿದ್ದರೆ ಲಾಭ ಎಂಬುದು ಅವರ ಲೆಕ್ಕ. ಬಗ್ದಾದಿನಲ್ಲಿ ತಮಗೆ ತಾವೇ ಹಾಕಿಕೊಂಡ ಪ್ರಶ್ನೆಯನ್ನೇ ಈಗ ಬೆದರಿಸದೆ, ಪ್ರೀತಿಯಿಂದ ಶಿಷ್ಯನ ಕೈಗಿಟ್ಟರು.

ಕೊನೆಯ ದಿನಗಳಲ್ಲಿ ತೂಸ್‌ಗೆ ಮರಳಿ, ಮನೆಯ ಪಕ್ಕದಲ್ಲೇ ಮದ್ರಸವನ್ನೂ ಖಾನ್ಖಾವನ್ನೂ ನಡೆಸಿದರು. 1111ರ ಡಿಸೆಂಬರ್‌ನ ಒಂದು ಸೋಮವಾರ ಬೆಳಿಗ್ಗೆ ವುಝೂ ಮಾಡಿ, ನಮಾಝ್ ನಿರ್ವಹಿಸಿ, ತಮ್ಮ ಕಫನ್ ತರಿಸಿ, ಅದನ್ನು ಕಣ್ಣಿಗೊತ್ತಿಕೊಂಡು, ಕಿಬ್ಲಾದ ಕಡೆ ತಿರುಗಿ ಮಲಗಿದರು, ಮತ್ತೆ ಏಳಲಿಲ್ಲ. ತಮ್ಮ ಅಹ್ಮದ್ ಹೀಗೆ ವಿವರಿಸಿದ್ದಾಗಿ ಚರಿತ್ರೆಕಾರರು ದಾಖಲಿಸಿದ್ದಾರೆ. ವಯಸ್ಸು ಐವತ್ತಮೂರು ಆಸುಪಾಸು.

ನಮ್ಮ ಪಾಲಿಗೆ

ಪರೀಕ್ಷೆ ಹತ್ತಿರವಿರುವಾಗ ಮಿನಾರ ಹತ್ತಿ ಬಾಗಿಲು ಹಾಕಿಕೊಳ್ಳಲು ನಮಗೆ ಆಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಅವರ ಬದುಕಿನಿಂದ ನಾವು ತೆಗೆದುಕೊಳ್ಳಬಹುದಾದದ್ದು ಬೇರೆಯೇ ಇದೆ.

ದೇಹ ಹೇಳುವುದನ್ನು ಬೇಗ ಕೇಳಬೇಕು. ಗಝಾಲಿ ಆರು ತಿಂಗಳು ಒಳಗೊಳಗೇ ಸೆಣಸಿದರು. ಎರಡು ವಾರ ಊಟ ನಿದ್ದೆ ಸರಿಯಿಲ್ಲದಿದ್ದರೆ, ಪುಸ್ತಕ ತೆರೆದೊಡನೆ ಎದೆ ಹೊಡೆದುಕೊಳ್ಳುತ್ತಿದ್ದರೆ, ಅದನ್ನು ಒಬ್ಬರಿಗಾದರೂ ಹೇಳಿ. ಅಮ್ಮನಿಗೆ, ಅಣ್ಣನಿಗೆ, ತರಗತಿಯ ಉಪನ್ಯಾಸಕರಿಗೆ, ನಂಬುವ ಉಸ್ತಾದರಿಗೆ. ವೈದ್ಯರ ಬಳಿ ಹೋಗುವುದು ತವಕ್ಕುಲ್‌ಗೆ ವಿರುದ್ಧವಲ್ಲ. ಗಝಾಲಿಯವರನ್ನೂ ವೈದ್ಯರು ನೋಡಿದ್ದರು. ಅವರ ಕಾಲದ ವೈದ್ಯರು ಕೈಚೆಲ್ಲಿದರು. ಇಂದಿನ ವೈದ್ಯರ ಬಳಿ ಇಂಥ ಕಷ್ಟಕ್ಕೆ ಚಿಕಿತ್ಸೆಯಿದೆ. ಮನೆಯಲ್ಲಿ ಹೇಳಲು ಆಗದಿದ್ದರೆ ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಬದುಕೇ ಬೇಡ ಎಂಬ ಯೋಚನೆ ಒಮ್ಮೆ ಸುಳಿದರೂ ಆ ದಿನವೇ, ಆ ಗಂಟೆಯಲ್ಲೇ ಹೇಳಿ. ಅದು ಬಚ್ಚಿಡುವ ವಿಷಯವಲ್ಲ.

ಒಂದು ಹಾಳೆ ತೆಗೆದುಕೊಂಡು ನಿಮ್ಮ ಭಯ ಯಾವುದೆಂದು ಬರೆದು ನೋಡಿ. ಪಾಠ ಬಾಕಿಯಿರುವುದೇ? ಹಾಗಿದ್ದರೆ ಅದು ದರೋಡೆಕೋರನ ಪ್ರಶ್ನೆ. ಕ್ರಮವಾಗಿ ಕುಳಿತು ಓದಿದರೆ ಅದಕ್ಕೆ ಉತ್ತರ ಸಿಗುತ್ತದೆ. ಚಿಕ್ಕಪ್ಪನ ಮಗಳಿಗಿಂತ ಕಡಿಮೆ ಅಂಕ ಬಂದರೆ ಎಂಬುದೇ? ವಾಟ್ಸಾಪ್ ಗುಂಪಿನಲ್ಲಿ ಅಂಕಪಟ್ಟಿ ಹಾಕಲಾಗದಿದ್ದರೆ ಎಂಬುದೇ? ಹಾಗಿದ್ದರೆ ಅದು ಬಗ್ದಾದಿನ ಪ್ರಶ್ನೆ. ಅದಕ್ಕೆ ಹೆಚ್ಚು ಗಂಟೆ ಓದುವುದು ಮದ್ದಲ್ಲ. ಯಾರಿಗಾಗಿ ಓದುತ್ತಿದ್ದೇನೆ ಎಂಬ ನಿಯ್ಯತ್ತನ್ನು ಸರಿಪಡಿಸಿಕೊಳ್ಳುವುದೇ ಮದ್ದು. ಓದು ನಮ್ಮ ಕೈಯಲ್ಲಿದೆ, ಫಲಿತಾಂಶ ಅಲ್ಲಾಹನ ಕೈಯಲ್ಲಿದೆ ಎಂದು ಬಾಯಲ್ಲಿ ಹೇಳುವುದು ಸುಲಭ. ಅದು ಎದೆಗೆ ಇಳಿಯಲು ಗಝಾಲಿಯವರಿಗೇ ವರ್ಷಗಳು ಬೇಕಾದವು. ನಿಮಗೂ ಸಮಯ ಹಿಡಿದರೆ ಗಾಬರಿಯಾಗಬೇಡಿ.

ಬಿಡಬೇಕಾದ ಎರಡು ಮೂರು ಸಂಗತಿಗಳನ್ನು ಗುರುತಿಸಿ, ಉಳಿದದ್ದನ್ನು ಬಿಡಬೇಡಿ. ನಿದ್ದೆ, ಆಟ, ಸಮಯದ ನಮಾಝ್ ಉಳಿಯಲಿ. ಮಧ್ಯರಾತ್ರಿಯ ಮೊಬೈಲ್, ಅಂಕಗಳ ಹೋಲಿಕೆ ಹೋಗಲಿ.

ಉಪನ್ಯಾಸಕರಾದ ನಮಗೂ ಇದರಲ್ಲಿ ಪಾಲಿದೆ. ವೈವಾದಲ್ಲಿ ವಿದ್ಯಾರ್ಥಿ ಮೌನವಾಗಿ ನಿಂತಾಗ ಓದಿಲ್ಲವೆಂದು ಬರೆದುಕೊಳ್ಳುವ ಮೊದಲು ಒಂದು ಲೋಟ ನೀರು ಕೊಟ್ಟು ಎರಡು ನಿಮಿಷ ಕಾಯಬಹುದು. ನಿಝಾಮಿಯಾದ ಪೀಠದಲ್ಲಿ ಕುಳಿತು ಬಾಯಿ ಬಾರದೆ ಹೋದವರು ಆ ಊರಿನಲ್ಲೇ ಎಲ್ಲರಿಗಿಂತ ಹೆಚ್ಚು ಓದಿದವರಾಗಿದ್ದರು.

ಅಲ್ಲಾಹನು ನಮ್ಮ ಮಕ್ಕಳ ಎದೆಗಳಿಗೆ ನೆಮ್ಮದಿಯನ್ನೂ, ಅವರ ಮಾತನ್ನು ಕೇಳುವ ತಾಳ್ಮೆಯನ್ನು ನಮಗೂ ಕರುಣಿಸಲಿ. ಆಮೀನ್.